ಮೂರು ಪಾಳಿಯ ಮಂಚ

ಅಪ್ಪನಿಗೆ ಕಾರ್ಖಾನೆಯಲ್ಲಿ ಮೂರು ಪಾಳಿ.
ಭದ್ರಾವತಿಯಲ್ಲಿ ಸೈರನ್ ಕೂಗಿದರೆ
ಉಕ್ಕುವ ಹಾಲೂ ನಿಲ್ಲುತ್ತದೆ ಅನ್ನುತ್ತಿದ್ದಳು ಅವ್ವ.
ಒಗೆಯುವ ಮುಂಚೆ ಅವನ ಜೇಬು ಮಗುಚಿ ಕೊಡವುವಳು,
ಕಲ್ಲಿನ ಮೇಲೆ ಕಬ್ಬಿಣದ ಪುಡಿ, ಅರ್ಧ ಬೀಡಿ.
ಪಾಳಿಯಲ್ಲೇ ಹುಟ್ಟಿ ಬೆಳೆದವನು ನಾನು, ಫಿಲೋಮಿನಾ.
ಆದರೆ ಮಂಚಕ್ಕೂ ಪಾಳಿ ಇರುತ್ತದೆಂದು
ಗೊತ್ತಾದದ್ದು ಅಲ್ಲಿ, ಆ ಮರಳಿನ ನಾಡಿನ
ದಂಡಿನ ಬೇಲಿಯೊಳಗೆ.

ಯಾರದೋ ಯುದ್ಧ. ನಮ್ಮ ಪಾಲಿಗೆ ಬರೀ ಅವರ ಬಟ್ಟೆ.
ಮೂರು ಸಾವಿರ ಜನಕ್ಕೆಂದು ಕಟ್ಟಿದ ನೆಲೆಯಂತೆ,
ಹನ್ನೊಂದು ಸಾವಿರ ಇದ್ದೇವೆ ಅನ್ನುತ್ತಿದ್ದರು,
ಎಣಿಸಿದವರು ಯಾರೋ.
ವಾಲಿಬಾಲ್ ಅಂಗಳದಲ್ಲಿ ಡೇರೆ, ಪ್ರಾರ್ಥನೆಯ ಕೋಣೆಯಲ್ಲಿ ಮಂಚ.
ಕಕ್ಕಸಿಗೆ ಸಾಲು, ಊಟಕ್ಕೆ ಸಾಲು,
ಕೊನೆಗೆ, ಯಾವುದರ ಸಾಲೆಂದು ಕೇಳದೆಯೇ
ಹಿಂದೆ ಹೋಗಿ ನಿಂತುಬಿಡುವ ಚಟ.
ಒಮ್ಮೆ ಅರ್ಧ ಗಂಟೆ ನಿಂತ ಮೇಲೆ ತಿಳಿಯಿತು
ಅದು ರಕ್ತ ಕೊಡುವವರದು.
ಕೊಟ್ಟೇ ಬಂದೆ. ಬಿಸ್ಕತ್ತು ಚೆನ್ನಾಗಿತ್ತು.

ತಗಡಿನ ಡಬ್ಬಿಯಂಥ ಕೋಣೆ,
ಎಂಟು ಮಂಚ, ಇಪ್ಪತ್ತನಾಲ್ಕು ಜನ.
ನನಗಿಂತ ಮೊದಲು ಮಲಗುವವನು ಖಿಮಲಾಲ್, ನೇಪಾಳದವನು,
ರಾತ್ರಿಯಿಡೀ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುವ ಕೆಲಸ.
ಅವನ ಬಸ್ಸು ಹೋದ ಮೇಲೆ ನನ್ನ ಬಸ್ಸು ಬರುತ್ತಿತ್ತು.
ಹದಿನಾಲ್ಕು ತಿಂಗಳು ಒಂದೇ ಹಾಸಿಗೆ,
ಸರಿಯಾಗಿ ಮುಖ ನೋಡಿದ್ದು ಎರಡು ಸಲ.
ಆದರೆ ಅವನ ಬೆನ್ನಿನ ಬಿಸಿ ಗೊತ್ತು,
ಸಾಸಿವೆಯೆಣ್ಣೆ ಗೊತ್ತು, ಎಡಮಗ್ಗುಲಿಗೆ ಬಿದ್ದ ತಗ್ಗು ಗೊತ್ತು.
ಜ್ವರ ಬಂದಿದ್ದರೆ ದಿಂಬು ಹೇಳುತ್ತಿತ್ತು.
ಒಂದು ದಿನ ದಿಂಬು ಪೂರ್ತಿ ಒದ್ದೆ,
ಬೆವರೋ ಏನೋ, ನಾನು ಮಗುಚಿ ಹಾಕಿ ಮಲಗಿದೆ.

ನಿನಗೆ ನಗು ಬಂದೀತು,
ಮದುವೆಯಾದ ನಲವತ್ತನೇ ದಿನ ವಿಮಾನ ಹತ್ತಿದವನು
ಇನ್ಯಾರದೋ ಬಿಸಿಯಲ್ಲಿ ನಿದ್ದೆ ತೆಗೆದೆ.

ಕೆಲಸವೆಂದರೆ ಚೀಲ. ಚೀಲಕ್ಕೊಂದು ನಂಬರು.
ಒಗೆದು ಒಣಗಿಸಿ ಮಡಿಸಿ ಅದೇ ನಂಬರಿಗೆ ಸೇರಿಸಬೇಕು.
ಜೇಬು ತಡಕುವುದು ನನ್ನ ಪಾಲು:
ಮರಳು, ಚೂಯಿಂಗ್ ಗಮ್, ಮರಳು, ತೋಟೆಯ ಖಾಲಿ ಚಿಪ್ಪು,
ಮತ್ತೊಮ್ಮೆ, ಯಾವುದೋ ಮಗು ಬರೆದ ಕುದುರೆ.
ಐದು ಕಾಲಿತ್ತು ಅದಕ್ಕೆ.
ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚೀಲಕ್ಕೆ ಪಿನ್ನು ಚುಚ್ಚಿದೆ.
೭೧೪೨.
ಎರಡು ವಾರ ಕಳೆದರೂ ಕೇಳಿಕೊಂಡು ಯಾರೂ ಬರಲಿಲ್ಲ.
ನಂಬರು ಹೊಡೆದುಹಾಕು, ಅಂದ ಸೂಪರ್‌ವೈಸರ್,
ಖಾಲಿ ಚೀಲಗಳ ಕೊರತೆ ಇದೆ.

ಫೋನಿಗೆ ಹದಿನೈದು ನಿಮಿಷ.
ಸಾಲಿನಲ್ಲಿ ಎಲ್ಲರೂ ಅವರವರ ಭಾಷೆಯಲ್ಲಿ
ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುವರು.
ನಾನೂ ಕುದುರೆಯ ಸಂಗತಿ ಪೂರ್ತಿ ಜೋಡಿಸಿಕೊಂಡಿದ್ದೆ.
ನೀನು, ಊಟ ಆಯ್ತಾ, ಅಂದೆ.
ಆಯ್ತು, ಅಂದೆ.
ಹಿಂದಿನವನು ಕೆಮ್ಮಿದ.

ಈಗ ಹಳೇನಗರದಲ್ಲಿ ನಮ್ಮದೇ ಇಸ್ತ್ರಿ ಅಂಗಡಿ,
ಬಟ್ಟೆಗೆ ನಂಬರಿಲ್ಲ, ಮುಖವೇ ಗುರುತು.
ಆದರೂ ಜೇಬು ತಡಕದೆ ಕೈ ಕೇಳುವುದಿಲ್ಲ:
ತರೀಕೆರೆಯ ಬಸ್ ಟಿಕೆಟ್ಟು, ಮಾತ್ರೆಯ ಚೀಟಿ.
ಎಲ್ಲಕ್ಕೂ ಪಿನ್ನು ಹಾಕುತ್ತೇನೆ,
ಪಿನ್ನಿನ ಇನ್ನಾಸ ಎಂದು ಹೆಸರೂ ಬಿದ್ದಿದೆ.

ಸಾಗುವಾನಿಯ ಅಗಲ ಮಂಚ, ನಿನ್ನ ಅಣ್ಣನೇ ಮಾಡಿಕೊಟ್ಟದ್ದು.
ನಾನು ಅಂಚಿನಲ್ಲಿ ಮೈ ಮುದುಡಿ ಮಲಗುತ್ತೇನೆ.
ಯಾರಿಗೆ ಜಾಗ ಬಿಡ್ತಿ, ಅಂತ ನೀನು ಬೈಯುತ್ತಿ.
ನಿಜ ಹೇಳಲೇ, ನನ್ನ ನಂತರ ಮಲಗುತ್ತಿದ್ದವನ
ಹೆಸರನ್ನೇ ನಾನು ಕೇಳಿರಲಿಲ್ಲ.
ಅವನಿಗೂ ನನ್ನ ಬಿಸಿ ಮಾತ್ರ ಗೊತ್ತು.

ರಾತ್ರಿ ಎರಡಕ್ಕೆ ತಾನಾಗಿ ಎಚ್ಚರವಾಗುತ್ತದೆ.
ಎದ್ದು ಹೊದಿಕೆಯ ಸುಕ್ಕು ನೇವರಿಸಿ, ದಿಂಬು ಮಗುಚಿಟ್ಟು,
ಚಪ್ಪಲಿ ಹುಡುಕುತ್ತೇನೆ.
ಬಸ್ಸು ಬಂತಾ, ಅನ್ನುತ್ತಿ ನಿದ್ದೆಗಣ್ಣಿನಲ್ಲೇ.
ಇಲ್ಲ, ಅನ್ನುತ್ತೇನೆ.
ನೀರು ಕುಡಿದು ಬಂದು, ಮಲಗುವ ಮುಂಚೆ
ನನ್ನದೇ ಜಾಗವನ್ನು
ಅಂಗೈಯಿಟ್ಟು ನೋಡುತ್ತೇನೆ.